ಬಾವುಟಗುಡ್ಡೆಯ ವಿದ್ಯಾಮಂದಿರ

ವಾಚಕರಲ್ಲಿ ಅನೇಕರು ಮಂಗಳೂರನ್ನು ನೋಡಿರಬಹುದು. ಕದ್ರಿಯ ಮಂಜುನಾಥನನ್ನೂ ಮಂಗಳಾದೇವಿಯನ್ನೂ ದರ್ಶನಮಾಡಿ, ಪಣಂಬೂರಿನ ಕಡಲಿನಲ್ಲಿ ಕಾಲು ನೆನೆಸಿ ಹಿಂತಿರುಗಿದವರು ಬಹುಮಂದಿ. ನಾವೂ ಹಿಂದೆ ಎರಡು ಮೂರು ಸಲ ಹಾಗೆಯೇ ಹೋಗಿ ಬಂದವರು. ಆದರೆ ಕಳೆದ ಬೇಸಗೆಯಲ್ಲಿ ನಾವು ಅಲ್ಲಿಗೆ ಹೋದುದು ದೇವರ ದರ್ಶನಕ್ಕಲ್ಲ. ಒಂದು ಕಾಲೇಜನ್ನು ಪರೀಕ್ಷಿಸುವುದಕ್ಕೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹುಡುಗರನ್ನು ಪರೀಕ್ಷಿಸಿದ ಉಪಾಧ್ಯಾಯನಿಗೆ ಕೊನೆಗೆ ವಿದ್ಯಾಶಾಲೆಯನ್ನೇ ಪರೀಕ್ಷಿಸುವ ಕಾಲ ಬಂದಿತು.

ನಮ್ಮೂರು ತೀರ್ಥಹಳ್ಳಿಯ ಸಮೀಪದ್ದು. ಅಲ್ಲಿ ನಮಗೆ ಬಹುಕಾಲದ ಸ್ನೇಹಿತರಾದ ಅಡಕೆ ಮಂಡಿಯ ಯಜಮಾನರೊಬ್ಬರಿದ್ದಾರೆ. ಮೂರು ತಲೆಮಾರಿನ ಮಂಡಿ. ಸಂಧ್ಯಾವಂದನೆ ತಪ್ಪದ ಮನೆ. ಅವರ ಮಗನು ತೀರಿಕೊಂಡು ಆರು ವರ್ಷಗಳಾದವು. ಮಂಡಿಗೆಂದು ಉಳಿದಿರುವವನು ಮೊಮ್ಮಗನೊಬ್ಬನೇ. ಆ ಹುಡುಗನು ದ್ವಿತೀಯ ಪಿ.ಯು.ಸಿ.ಯನ್ನು ಉತ್ತಮವಾಗಿ ಮುಗಿಸಿ, ಮುಂದೆ ಮಂಗಳೂರಿನ ಸಂತ ಅಲೋಷಿಯಸ್ ಕಾಲೇಜಿನಲ್ಲಿಯೇ ಬಿ.ಕಾಂ. ಓದಬೇಕೆಂದು ಹಟ ಹಿಡಿದನು. ಯಜಮಾನರಿಗೆ ಚಿಂತೆ ಹತ್ತಿತು. ಒಂದು ಸಾಯಂಕಾಲ ನಮ್ಮ ಜಗಲಿಗೆ ಬಂದು ಕುಳಿತು, “ಮೇಷ್ಟ್ರೇ, ಪಾದ್ರಿಗಳ ಕಾಲೇಜು. ಹುಡುಗ ಜನಿವಾರ ತೆಗೆದಿಟ್ಟು ಬಂದಾನೋ ಎಂಬುದೊಂದು ಭಯ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಅವನು ಮಂಡಿಗೆ ಹಿಂತಿರುಗಿ ಬರುತ್ತಾನೆಯೇ? ನೀವು ಒಮ್ಮೆ ಅವನನ್ನು ಕರೆದುಕೊಂಡು ಹೋಗಿ ನೋಡಿ ಬನ್ನಿ. ನೀವು ಹೇಳಿದಂತೆ ಮಾಡುತ್ತೇನೆ” ಎಂದರು. ಈ ಕಡೆಯ ಮಾತು ಕೇಳುವುದಕ್ಕೆ ಹಿತ, ಹೊರುವುದಕ್ಕೆ ಭಾರ. ಆದರೂ ಒಪ್ಪಿದೆವು.

ಮಾರನೆಯ ವಾರ ಬೆಳಗಿನ ಬಸ್ಸಿನಲ್ಲಿ ಹೊರಟೆವು. ಆಗುಂಬೆಯ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿದು, ಹೆಬ್ರಿ, ಕಾರ್ಕಳ, ಮೂಡಬಿದಿರೆಗಳ ಮಾರ್ಗವಾಗಿ ಸಾಗಿದೆವು. ಮೇಲಿನ ತಂಪು ಕಳೆದು ಕೆಳಗಿನ ಸೆಕೆ ಮೈಗೆ ತಾಗುತ್ತಿದ್ದಂತೆ, ದಾರಿಯ ಎರಡು ಕಡೆಯ ಹಳೆಯ ಮನೆಗಳ ಕೆಂಪು ಹೆಂಚುಗಳು ಕಣ್ಣಿಗೆ ಬಿದ್ದುವು. ಆಗ ನಮಗೊಂದು ವಿಷಯ ನೆನಪಾಗಿ ನಗು ಬಂದಿತು. ನಮ್ಮ ಜಗಲಿಯ ಮೇಲೆ ಹೊದಿಸಿರುವುದೂ ಮಂಗಳೂರು ಹೆಂಚೇ. ಮಳೆಗಾಲಕ್ಕೆ ಮುಂಚೆ ಮಾಡು ಕೈಯಾಡಿಸುವಾಗ ಒಂದೆರಡನ್ನು ಮಗುಚಿ ನೋಡಿದರೆ, ಬಾಸೆಲ್ ಮಿಷನ್ನಿನ ಹೆಸರೂ ೧೮೬೫ ಎಂಬ ಇಸವಿಯೂ ಅಚ್ಚಾಗಿರುವುದು ಕಾಣುತ್ತದೆ. ಯಜಮಾನರು ಪಾದ್ರಿಗಳಿಗೆ ಹೆದರಿ ಮಾತನಾಡಿದುದು ಪಾದ್ರಿಗಳ ಹೆಂಚಿನ ನೆರಳಿನಲ್ಲಿಯೇ ಕುಳಿತು!

ಈ ಬಾಸೆಲ್ ಮಿಷನ್ನಿನವರು ಪ್ರಾಟೆಸ್ಟಂಟ್ ಪಂಥದವರು. ೧೮೩೪ರಲ್ಲಿ ಮಂಗಳೂರಿನಲ್ಲಿ ಬಂದಿಳಿದರು. ಮತಪ್ರಚಾರವೇ ಅವರ ಮುಖ್ಯೋದ್ದೇಶವಾಗಿದ್ದರೂ, ಮತಾಂತರ ಹೊಂದಿ ಜಾತಿಯಿಂದ ಹೊರಬಿದ್ದವರಿಗೆ ಅನ್ನದ ದಾರಿ ಬೇಕಾಯಿತು. ಆದುದರಿಂದ ಮುದ್ರಣಾಲಯ, ನೇಯಿಗೆ, ಹೆಂಚಿನ ಕಾರ್ಖಾನೆ ಇವು ಒಂದರ ಹಿಂದೊಂದು ಹುಟ್ಟಿದುವು. ೧೮೪೩ರಲ್ಲಿ ಮೋಗ್ಲಿಂಗರು ಹೊರಡಿಸಿದ “ಮಂಗಳೂರ ಸಮಾಚಾರ”ವು ಕನ್ನಡದ ಮೊದಲ ಪತ್ರಿಕೆ. ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಡದ ಜೇಡಿಮಣ್ಣಿನಿಂದ ಹೆಂಚು ಮಾಡಿಸಿದರು. ೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲರ ಕನ್ನಡ ನಿಘಂಟಿಲ್ಲದೆ ನಮ್ಮಂಥವರ ಪಾಠ ಒಂದು ದಿನವೂ ನಡೆಯುತ್ತಿರಲಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನು ಶೋಧಿಸಿ ೧೮೭೨ರಲ್ಲಿ ಅಚ್ಚುಹಾಕಿಸಿದವರೂ ಆ ಮಹನೀಯರೇ.

ಆದರೆ ಯಜಮಾನರ ಭಯವೂ ನಿರಾಧಾರವಲ್ಲವೆಂಬುದನ್ನು ಹೇಳದೆ ಬಿಟ್ಟರೆ ನ್ಯಾಯವಾಗದು. ೧೮೪೪ರಲ್ಲಿ ಆ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾಯ ಕೌಂಡಿನ್ಯನೆಂಬ ಸಾರಸ್ವತ ಬ್ರಾಹ್ಮಣ ತರುಣನು ಕ್ರೈಸ್ತನಾದಾಗ ಮಂಗಳೂರಿನ ಮನೆಮನೆಗಳಲ್ಲಿ ಕೋಲಾಹಲವೆದ್ದಿತು. ಅಂಥ ಸುದ್ದಿ ತಲೆಮಾರುಗಳ ಕಾಲ ನಿಲ್ಲತಕ್ಕದ್ದು. ೧೮೯೧ರಲ್ಲಿ ಅಮ್ಮೆಂಬಳ ಸುಬ್ಬರಾಯ ಪೈಗಳು ಕೆನರಾ ಹೈಸ್ಕೂಲನ್ನು ಸ್ಥಾಪಿಸಿದಾಗ, ತಮ್ಮವರ ಶಾಲೆಯೊಂದು ಊರಿಗೆ ದೊರೆಯಿತೆಂದು ಎಷ್ಟೋ ಮಂದಿ ತಂದೆತಾಯಿಗಳು ನೆಮ್ಮದಿಗೊಂಡಿರಬೇಕು.

ನಾವು ನೋಡಬೇಕಾಗಿದ್ದ ಕಾಲೇಜು ಇವರದಲ್ಲ. ಯೇಸುಸಭೆಯ ಕಥೋಲಿಕ ಸನ್ಯಾಸಿಗಳದು. ಹಂಪನಕಟ್ಟೆಯಲ್ಲಿ ಬಸ್ಸಿಳಿದು, ಬಾವುಟಗುಡ್ಡೆಯ ಏರನ್ನು ಮೆಲ್ಲನೆ ಹತ್ತಿದೆವು. ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ ದೂರದಲ್ಲಿ ಕಡಲಿನ ನೀಲಿಗೆರೆ. ಹಿಂದೆ ಇಲ್ಲಿಂದ ನೋಡಿದವರಿಗೆ ತೆಂಗಿನ ತಲೆಗಳ ನಡುವೆ ಕೆಂಪು ಹೆಂಚಿನ ಮಾಡುಗಳೇ ಕಾಣುತ್ತಿದ್ದುವಂತೆ. ಈಗ ಅವುಗಳನ್ನು ಬಹುಮಹಡಿಯ ಕಟ್ಟಡಗಳು ಮರೆಮಾಡಿವೆ.

ಇಟಲಿ ದೇಶದ ಯೇಸುಸಭೆಯವರು ಮಂಗಳೂರಿಗೆ ಬಂದುದು ೧೮೭೮ನೆಯ ಇಸವಿಯ ಕೊನೆಯ ದಿನ. ಊರಿನ ಕಥೋಲಿಕರು ತಮ್ಮ ಮಕ್ಕಳಿಗೆ ಉಚ್ಚ ವಿದ್ಯೆ ಬೇಕೆಂದು ಬಯಸುತ್ತಿದ್ದರು. ೧೮೮೦ನೆಯ ಜನವರಿಯಲ್ಲಿ ಕಾಲೇಜು ಆರಂಭವಾಯಿತು. ಕೆಲವು ವರ್ಷಗಳೊಳಗೆ ಈ ಗುಡ್ಡದ ಮೇಲಿನ ಕಟ್ಟಡಕ್ಕೆ ಬಂದಿತು. ಮೊದಲು ಮದರಾಸಿನ ವಿಶ್ವವಿದ್ಯಾನಿಲಯಕ್ಕೂ, ರಾಜ್ಯಗಳ ಪುನರ್ವಿಂಗಡಣೆಯ ತರುವಾಯ ಮೈಸೂರಿನದಕ್ಕೂ, ೧೯೮೦ರಲ್ಲಿ ಸ್ಥಾಪಿತವಾದ ಮಂಗಳೂರು ವಿಶ್ವವಿದ್ಯಾನಿಲಯಕ್ಕೂ ಸೇರಿದ್ದು, ೨೦೨೪ರಲ್ಲಿ ತಾನೇ ವಿಶ್ವವಿದ್ಯಾನಿಲಯದ ಸ್ಥಾನಮಾನವನ್ನು ಪಡೆಯಿತು. ಹೆಣ್ಣುಮಕ್ಕಳಿಗಾಗಿ ೧೯೨೧ರಲ್ಲಿಯೇ ಕಥೋಲಿಕ ಸನ್ಯಾಸಿನಿಯರು ಬೆಂದೂರಿನಲ್ಲಿ ಸಂತ ಆಗ್ನೆಸ್ ಕಾಲೇಜನ್ನು ತೆರೆದಿದ್ದರೆಂಬುದೂ ಸ್ಮರಣೀಯ.

ಕಾಲೇಜಿನ ಪ್ರಾಕಾರದಲ್ಲಿ ಒಂದು ಪ್ರಾರ್ಥನಾಮಂದಿರವಿದೆ. ಹೊರಗಿನಿಂದ ಸಾಧಾರಣ, ಒಳಗೆ ಕಾಲಿಟ್ಟವನು ಕತ್ತೆತ್ತಿದರೆ ಇಳಿಸಲಾರ. ಗೋಡೆ, ಕಮಾನು, ಮೇಲ್ಛಾವಣಿ ಎಲ್ಲೆಲ್ಲಿಯೂ ಚಿತ್ರಗಳು. ಹತ್ತೊಂಬತ್ತನೆಯ ಶತಮಾನವು ಮುಗಿಯುವ ಕಾಲದಲ್ಲಿ ಅಂತೋನಿಯೊ ಮೊಸ್ಕೇನಿ ಎಂಬ ಇಟಲಿಯ ಸಹೋದರ ಸನ್ಯಾಸಿಯು ಇವನ್ನು ಬರೆದನು. ನಮ್ಮ ಸೆಕೆ ಮಳೆಗಳನ್ನು ಸಹಿಸಿ ಇಷ್ಟನ್ನು ಮುಗಿಸಿದ ಆ ಪುಣ್ಯಾತ್ಮನು ಮತ್ತೆ ಸ್ವದೇಶವನ್ನು ಕಾಣಲಿಲ್ಲ. ೧೯೦೫ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡನು.

ಮೇಲ್ಛಾವಣಿಯ ಚಿತ್ರಗಳು ಸಂತ ಅಲೋಷಿಯಸನ ಚರಿತ್ರೆಯನ್ನು ಹೇಳುತ್ತವೆ. ಅವನು ೧೫೬೮ರಲ್ಲಿ ಇಟಲಿಯ ಒಂದು ಪಾಳೆಯಗಾರರ ಮನೆತನದಲ್ಲಿ ಹಿರಿಯ ಮಗನಾಗಿ ಹುಟ್ಟಿದವನು. ತಂದೆಗೆ ಮಗನು ವೀರನಾಗಿ ಆಳಬೇಕೆಂಬ ಆಸೆ. ಮಗನಾದರೋ ಪಟ್ಟದ ಹಕ್ಕನ್ನು ತಮ್ಮನಿಗೆ ಬರೆದುಕೊಟ್ಟು ಸನ್ಯಾಸಿಯಾದನು. ರೋಮ್ ನಗರದಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ರೋಗಿಗಳ ಶುಶ್ರೂಷೆಗೆ ನಿಂತು, ತಾನೂ ರೋಗ ತಗುಲಿ ೧೫೯೧ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮಡಿದನು. ಈ ಕಥೆಯನ್ನು ಹುಡುಗನಿಗೆ ವಿವರಿಸುತ್ತಿದ್ದೆವು. ಅವನು ಬಹಳ ಹೊತ್ತು ಮೇಲೆ ನೋಡುತ್ತಿದ್ದು, “ಮೇಷ್ಟ್ರೇ, ಇವನೂ ಮನೆಯ ಹಿರಿಮಗ. ಮನೆ ಬಿಟ್ಟು ಹೋದ. ಅಜ್ಜನಿಗೆ ಈ ಚಿತ್ರದ ವಿಷಯ ಹೇಳಬೇಡಿ” ಎಂದನು. ನಾವು ನಕ್ಕೆವು, ಆದರೆ ಆ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿತು. ಅಲೋಷಿಯಸನಿಗೆ ತಮ್ಮನಿದ್ದನು. ಈ ಹುಡುಗನಿಗೆ ಯಾರಿದ್ದಾರೆ?

ಮಂದಿರದ ಹೊರಗೆ ವೃದ್ಧರಾದ ಪಾದ್ರಿಯೊಬ್ಬರು ಸಿಕ್ಕಿದರು. ಬಹುವರ್ಷ ಅಧ್ಯಾಪಕರಾಗಿ ನಿವೃತ್ತರಾದವರಂತೆ. ಸಮಾನವೃತ್ತಿಯವರೆಂದು ತಿಳಿದೊಡನೆ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕುಳ್ಳಿರಿಸಿದರು. ನಾವು ಸಂಕೋಚವಿಲ್ಲದೆ ಯಜಮಾನರ ಮೊದಲನೆಯ ಪ್ರಶ್ನೆಯನ್ನು ಕೇಳಿದೆವು. ಅವರು ಬೇಸರಪಡದೆ, “ಇಲ್ಲಿ ಕ್ರೈಸ್ತ ಮಕ್ಕಳಿಗೆ ಧರ್ಮಪಾಠ, ಉಳಿದವರಿಗೆ ನೀತಿಪಾಠ. ನಾವು ಪಾಠ ಹೇಳಿದ ಹುಡುಗರಲ್ಲಿ ಎಲ್ಲ ಮತದವರೂ ಇದ್ದರು. ಮತ ಬಿಡಿಸುವುದು ನಮ್ಮ ಕೆಲಸವಾಗಿರಲಿಲ್ಲ. ಸೋಮಾರಿತನ ಬಿಡಿಸುವುದಕ್ಕೇ ನಮಗೆ ಆಯುಷ್ಯ ಸಾಲಲಿಲ್ಲ” ಎಂದರು. ಎರಡನೆಯ ಪ್ರಶ್ನೆಗೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಿಂತಿರುಗುತ್ತಾನೆಯೇ ಎಂದು ನಾನು ಹೇಗೆ ಹೇಳಲಿ? ನಾನೂ ನನ್ನ ಮನೆಗೆ ಹಿಂತಿರುಗಿದವನಲ್ಲ” ಎಂದು ನಕ್ಕರು.

ಅವರ ಸಭೆಯ ಶಿಕ್ಷಣಕ್ರಮದ ವಿಷಯವಾಗಿ ಮಾತು ಬೆಳೆಯಿತು. ೧೫೯೯ರಷ್ಟು ಹಿಂದೆಯೇ ಅವರು ತಮ್ಮ ಶಾಲೆಗಳೆಲ್ಲಕ್ಕೂ ಒಂದು ಪಾಠಕ್ರಮವನ್ನು ಗ್ರಂಥರೂಪದಲ್ಲಿ ನಿಬಂಧಿಸಿದ್ದರು. ಪುನರಾವೃತ್ತಿ, ವಾದ, ಕಂಠಪಾಠ, ವಾಕ್ಪಟುತ್ವ ಇವು ಅದರ ಅಂಗಗಳು. ವೇದಪಾಠಶಾಲೆಯಲ್ಲಿ ಆವೃತ್ತಿ ಹಾಕಿ ಬೆಳೆದ ನಮಗೆ ಇದು ಅಪರಿಚಿತವೆನಿಸಲಿಲ್ಲ. ನಮ್ಮ ಮನಸ್ಸನ್ನು ಹಿಡಿದ ಸಂಗತಿ ಬೇರೆಯದು. ಈ ಸಭೆಯವರು ದಿನಕ್ಕೆ ಎರಡು ಬಾರಿ ಏಕಾಂತದಲ್ಲಿ ಕುಳಿತು, ತಾವು ಮಾಡಿದುದನ್ನೂ ಮಾಡದೆ ಬಿಟ್ಟುದನ್ನೂ ಒಂದೊಂದಾಗಿ ಪರಿಶೀಲಿಸತಕ್ಕದ್ದೆಂಬುದು ಅವರ ಸಂಸ್ಥಾಪಕನಾದ ಇಗ್ನೇಷಿಯಸನ ಕಾಲದಿಂದ ಬಂದ ನಿಯಮ. ಅಂಗಡಿಯವನು ರಾತ್ರಿ ಬಾಗಿಲು ಹಾಕುವ ಮುನ್ನ ರೋಕಡಿ ನೋಡುವಂತೆ, ಇವರು ಮನಸ್ಸಿನ ರೋಕಡಿಯನ್ನು ನೋಡುತ್ತಾರೆ. ವಾಣಿಜ್ಯ ಕಲಿಯುವ ಹುಡುಗನಿಗೆ ಇಂಥವರ ಸಹವಾಸವು ವ್ಯರ್ಥವಾಗಲಾರದೆಂದು ನಮಗೆ ತೋರಿತು.

ಕಾಲೇಜಿನ ಧ್ಯೇಯವಾಕ್ಯವು ಲ್ಯಾಟಿನ್ ಭಾಷೆಯದು. ಬೆಳಗುತ್ತದೆ ಮತ್ತು ಉರಿಯುತ್ತದೆ ಎಂದು ಅದರ ಅರ್ಥ. ದೀಪವು ಬೆಳಗಬೇಕಾದರೆ ಬತ್ತಿ ಉರಿಯಲೇಬೇಕು. ವಿದ್ಯಾವಂತನು ತಾನು ಏನನ್ನೂ ಕಳೆದುಕೊಳ್ಳದೆ ಬೆಳಗುತ್ತೇನೆಂದರೆ ಅದು ಕನ್ನಡಿಯ ಹೊಳಪೇ ಹೊರತು ದೀಪದ್ದಲ್ಲ. ೧೯೭೩ರಲ್ಲಿ ಸ್ಪೇನಿನ ವೇಲೆನ್ಸಿಯಾ ನಗರದಲ್ಲಿ ಯೇಸುಸಭೆಯ ಆಗಿನ ಮುಖ್ಯಸ್ಥರಾಗಿದ್ದ ಪೇದ್ರೊ ಅರೂಪೆಯವರು ತಮ್ಮ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಮುಂದೆ ಇದೇ ಪ್ರಶ್ನೆಯನ್ನೆತ್ತಿದರು. ಪರರಿಗಾಗಿ ಬಾಳುವವರನ್ನು ರೂಪಿಸುವುದೇ ತಮ್ಮ ಶಿಕ್ಷಣದ ಗುರಿಯಾಗಬೇಕೆಂದೂ, ನ್ಯಾಯದ ವಿಷಯದಲ್ಲಿ ತಾವು ಇಷ್ಟುಕಾಲ ಸಾಕಷ್ಟು ಕಲಿಸಲಿಲ್ಲವೆಂದೂ ಒಪ್ಪಿಕೊಂಡರು. ಸಭೆ ಸೇರಿದ್ದ ಅನುಕೂಲಸ್ಥರಲ್ಲಿ ಕೆಲವರಿಗೆ ಈ ಮಾತು ರುಚಿಸಲಿಲ್ಲವಂತೆ. ತಪ್ಪನ್ನು ತಾನೇ ಒಪ್ಪಿಕೊಳ್ಳುವ ಗುರುವು ನಂಬಿಕೆಗೆ ಯೋಗ್ಯನು.

ಮಧ್ಯಾಹ್ನ ಆಟೋ ಹಿಡಿದು ಕಂಕನಾಡಿಗೆ ಹೋದೆವು. ವ್ಯಾಪಾರವೂ ಸೇವೆಯೂ ಒಂದೇ ಕೈಯಲ್ಲಿ ನಡೆಯಬಹುದೆಂಬುದಕ್ಕೆ ಅಲ್ಲಿಯ ಮುಲ್ಲರ್ ಆಸ್ಪತ್ರೆಯೇ ಸಾಕ್ಷಿ. ಅಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಪಾದ್ರಿಯು ಆ ಮೊದಲ ತಂಡದವರೊಡನೆಯೇ ಬಂದು, ಕಾಲೇಜಿನ ಕೆಲಸದಲ್ಲಿದ್ದುಕೊಂಡು, ೧೮೮೦ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡಲು ತೊಡಗಿದನು. ಔಷಧಿಯನ್ನು ತಯಾರಿಸಿ ಹೊರಗಿನವರಿಗೆ ಕ್ರಯಕ್ಕೆ ಕಳುಹಿಸುವ ಏರ್ಪಾಡೂ ಬೆಳೆಯಿತು. ಬಂದ ಹಣವು ಬಡವರ ಸೇವೆಗೆ ಒದಗಿತು. ೧೮೯೦ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಸ್ಥಾನವನ್ನು ಕಟ್ಟಿಸಿದನು. ಆ ಔಷಧಪದ್ಧತಿಯ ಗುಣವನ್ನು ಇಂದಿನ ವೈದ್ಯವಿಜ್ಞಾನವು ಒಪ್ಪಿಲ್ಲವೆಂಬುದು ನಿಜ. ಆದರೆ ಊರೆಲ್ಲ ದೂರವಿಟ್ಟ ರೋಗಿಗಳಿಗೆ ಸೂರು ಕಟ್ಟಿದ ಗುಣವನ್ನು ಯಾವ ವಿಜ್ಞಾನವೂ ಅಲ್ಲಗಳೆಯಲಾರದು. ೧೯೧೦ರಲ್ಲಿ ಅವನು ತೀರಿಕೊಂಡನು. ಅವನ ಹೆಸರಿನ ಆಸ್ಪತ್ರೆಯೂ ವೈದ್ಯಕಾಲೇಜೂ ಇಂದು ಬೃಹತ್ತಾಗಿ ನಿಂತಿವೆ.

ಆದರೆ ಈ ನಾಡಿನ ವಾಣಿಜ್ಯವೆಲ್ಲವೂ ಪಾದ್ರಿಗಳ ಕೃಪೆಯೆಂದು ವಾಚಕರು ಭಾವಿಸಬಾರದು. ದಕ್ಷಿಣ ಕನ್ನಡವು ಬ್ಯಾಂಕುಗಳ ತವರು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಕಾರ್ಪೊರೇಷನ್ ಬ್ಯಾಂಕೂ, ಸುಬ್ಬರಾಯ ಪೈಗಳ ಕೆನರಾ ಬ್ಯಾಂಕೂ ೧೯೦೬ರಲ್ಲಿ ಹುಟ್ಟಿದುವು. ಕರ್ಣಾಟಕ ಬ್ಯಾಂಕು ೧೯೨೪ರಲ್ಲಿ, ಸಿಂಡಿಕೇಟ್ ೧೯೨೫ರಲ್ಲಿ, ವಿಜಯಾ ಬ್ಯಾಂಕು ೧೯೩೧ರಲ್ಲಿ ಆರಂಭವಾದುವು. ಸಿಂಡಿಕೇಟಿನವರು ೧೯೨೮ರಿಂದ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಅಲ್ಪಧನವನ್ನೂ ಕೂಡಿಹಾಕುತ್ತಿದ್ದ ಪಿಗ್ಮಿ ಯೋಜನೆಯನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಈ ಐದರಲ್ಲಿ ಮೂರು ೨೦೧೯, ೨೦೨೦ರಲ್ಲಿ ಬೇರೆ ಬ್ಯಾಂಕುಗಳೊಡನೆ ಲೀನವಾದುವು. ಹಿಂದೂಗಳೂ ಮುಸಲ್ಮಾನರೂ ಕಟ್ಟಿದ ಈ ಸಂಸ್ಥೆಗಳಿಗೆ ಓದುಬರಹ ಬಲ್ಲ, ಲೆಕ್ಕ ತಪ್ಪದ ತರುಣರು ಬೇಕಾಗಿದ್ದರು. ಅಂಥವರನ್ನು ಊರಿನ ಕಾಲೇಜುಗಳು ಒದಗಿಸಿದುವು. ಹೀಗೆ ಒಬ್ಬರ ದೀಪಕ್ಕೆ ಇನ್ನೊಬ್ಬರ ಎಣ್ಣೆ. ಐ.ಸಿ.ಐ.ಸಿ.ಐ. ಬ್ಯಾಂಕನ್ನು ನಡೆಸಿ, ೨೦೧೫ರಲ್ಲಿ ಐದು ರಾಷ್ಟ್ರಗಳು ಕೂಡಿ ಸ್ಥಾಪಿಸಿದ ನವ ಅಭಿವೃದ್ಧಿ ಬ್ಯಾಂಕಿನ ಮೊದಲ ಅಧ್ಯಕ್ಷರಾದ ಕೆ.ವಿ. ಕಾಮತರು ಪದವಿಪೂರ್ವ ವ್ಯಾಸಂಗ ಮಾಡಿದುದು ಇದೇ ಅಲೋಷಿಯಸ್ ವಿದ್ಯಾಸಂಸ್ಥೆಯಲ್ಲಿ. ಇದನ್ನು ಹುಡುಗನೇ ನಮಗೆ ತಿಳಿಸಿದನು. ಅವನ ಹಟದ ಮೂಲ ಎಲ್ಲಿದೆಯೆಂಬುದು ಆಗ ಗೊತ್ತಾಯಿತು. ಆದರೆ ಸಾವಿರಕ್ಕೊಬ್ಬನನ್ನು ನೋಡಿ ಕಾಲೇಜನ್ನು ಅಳೆಯಬಾರದು, ಉಳಿದವರನ್ನು ನೋಡಬೇಕು.

ಉಳಿದವರಲ್ಲೊಬ್ಬರನ್ನು ಸಾಯಂಕಾಲ ನೋಡಿದೆವು. ಬಂದರಿನ ಬಳಿ ಅಡಕೆ, ಮೆಣಸುಗಳ ಸಗಟು ವ್ಯಾಪಾರ ಮಾಡುವ ಕೊಂಕಣಿ ಗೃಹಸ್ಥರು. ನಮ್ಮ ಯಜಮಾನರಿಗೆ ಹಳೆಯ ವ್ಯವಹಾರಸ್ಥರು. ವಯಸ್ಸು ಎಪ್ಪತ್ತು ದಾಟಿದೆ. ಸಂತ ಅಲೋಷಿಯಸ್ಸಿನ ಬಿ.ಕಾಂ. ಪದವೀಧರರು. ಹಣೆಯಲ್ಲಿ ನಾಮ, ಗಲ್ಲದ ಹಿಂದೆ ವೆಂಕಟರಮಣನ ಚಿತ್ರಪಟ. ಜನಿವಾರವೂ ಸ್ವಸ್ಥಾನದಲ್ಲಿಯೇ ಇದ್ದಿತು! ಮೊದಲನೆಯ ಪ್ರಶ್ನೆಗೆ ಬೇರೆ ಉತ್ತರ ಬೇಕಾಗಲಿಲ್ಲ.

ಕಾಲೇಜಿನಿಂದ ನಿಮಗೇನು ಪ್ರಯೋಜನವಾಯಿತೆಂದು ಕೇಳಿದೆವು. “ಮಾಷ್ಟ್ರೇ, ಲೆಕ್ಕ ಬರೆಯುವುದನ್ನು ನಾನು ಅಲ್ಲಿ ಕಲಿತದ್ದಲ್ಲ. ಅದನ್ನು ಅಪ್ಪನೇ ಕಲಿಸಿದ್ದರು. ಬರೆದ ಲೆಕ್ಕವನ್ನು ರಾತ್ರಿ ಇನ್ನೊಮ್ಮೆ ಓದಿ, ಇದರಲ್ಲಿ ಯಾರಿಗಾದರೂ ಅನ್ಯಾಯವಾಯಿತೋ ಎಂದು ಕೇಳಿಕೊಳ್ಳುವುದನ್ನು ಅಲ್ಲಿ ಕಲಿತೆ” ಎಂದು ಹೇಳಿ, ತರುಣ್ಯದಲ್ಲಿ ನಡೆದ ಒಂದು ಸಂಗತಿಯನ್ನು ತಿಳಿಸಿದರು. ಒಂದು ವರ್ಷ ಅವರ ಅಂಗಡಿಯ ತೂಕದಲ್ಲಿ ದೋಷವಿದ್ದು, ಮೆಣಸು ತಂದ ಬೆಳೆಗಾರರಿಗೆ ತಿಂಗಳುಗಟ್ಟಲೆ ಕಡಮೆ ಹಣ ಸಂದಿತ್ತು. ಬೇಕೆಂದು ಮಾಡಿದುದಲ್ಲ, ಯಾರೂ ದೂರಿರಲೂ ಇಲ್ಲ. ವರ್ಷಾಂತ್ಯದ ಲೆಕ್ಕದಲ್ಲಿ ದಾಸ್ತಾನು ಹೆಚ್ಚಾಗಿ ಕಂಡಾಗ ಇವರು ಮೂಲವನ್ನು ಹುಡುಕಿದರು. ಒಬ್ಬೊಬ್ಬರ ಬಾಕಿಯನ್ನೂ ಗುಣಿಸಿ ಮನೆಗಳಿಗೆ ಹೋಗಿ ಸಲ್ಲಿಸಿದರು. “ಅಪ್ಪ ಒಂದು ವಾರ ನನ್ನೊಡನೆ ಮಾತನಾಡಲಿಲ್ಲ. ಇದರಿಂದ ವ್ಯಾಪಾರ ಬೆಳೆಯಿತೆಂದು ನಾನು ಹೇಳುವುದಿಲ್ಲ ಮಾರಾಯ್ರೇ. ಮೂವರು ಬೆಳೆಗಾರರು, ಹಿಂದೆಯೂ ಹೀಗೆಯೇ ಮಾಡಿರಬೇಕೆಂದು ಸಂಶಯಪಟ್ಟು ನಮ್ಮನ್ನು ಬಿಟ್ಟೇಹೋದರು. ಆದರೆ ರಾತ್ರಿ ನಿದ್ರೆ ಬಂತು” ಎಂದರು. ಅವರ ಹಮಾಲರ ಮಕ್ಕಳಲ್ಲಿ ಕೆಲವರ ಶಾಲಾಶುಲ್ಕವನ್ನು ಅವರೇ ಕೊಡುತ್ತಾರೆಂದು ನಮಗೆ ಹೇಳಿದವನು ಗುಮಾಸ್ತೆ; ಅವರು ಹೇಳಲಿಲ್ಲ.

ಕಾಫಿ ಬಂದಿತು. ನಾವು ಎರಡನೆಯ ಪ್ರಶ್ನೆಯನ್ನು ಕೇಳಬೇಕೆಂದಿದ್ದೆವು, ಅಷ್ಟರಲ್ಲಿ ಅವರೇ ಹುಡುಗನ ಕಡೆ ನೋಡಿ, “ನನ್ನ ಮಗನೂ ಅದೇ ಕಾಲೇಜು, ಅದೇ ಬೆಂಚು. ಈಗ ದುಬಾಯಿಯಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. ಒಳ್ಳೆಯವನು, ವಾರಕ್ಕೆರಡು ಸಲ ಮಾತನಾಡುತ್ತಾನೆ. ಈ ಅಂಗಡಿ ನನ್ನ ಕಾಲಕ್ಕೆ ಮುಗಿಯುತ್ತದೆ” ಎಂದರು. ಧ್ವನಿಯಲ್ಲಿ ದೂರು ಇರಲಿಲ್ಲ. ಹುಡುಗನು ಲೋಟವನ್ನು ಕೆಳಗಿಟ್ಟು, ಹೊರಗೆ ಮೂಟೆ ಇಳಿಸುತ್ತಿದ್ದವರನ್ನು ನೋಡುತ್ತ ಕುಳಿತನು.

ಮರುದಿನ ಊರಿಗೆ ಬಂದೆವು. ಘಾಟಿ ಹತ್ತುವಾಗ ಹುಡುಗನು, “ಮೇಷ್ಟ್ರೇ, ಅಜ್ಜನಿಗೆ ಏನು ಹೇಳುತ್ತೀರಿ?” ಎಂದು ಕೇಳಿದನು. ಕಂಡುದನ್ನು ಹೇಳುತ್ತೇವೆಂದೆವು. “ಹಾಗಾದರೆ ಆ ಚಿತ್ರದ ವಿಷಯವನ್ನೂ ಹೇಳಿಬಿಡಿ” ಎಂದನು.

ಅದರಂತೆಯೇ ಹೇಳಿದೆವು. “ಯಜಮಾನರೇ, ಧರ್ಮದ ಭಯವನ್ನು ಬಿಡಿ. ಮನೆಯಲ್ಲಿ ಬೇರು ಗಟ್ಟಿಯಾಗಿದ್ದರೆ ಅಲ್ಲಿಯ ಗಾಳಿಯಿಂದ ಮರ ಬೀಳುವುದಿಲ್ಲ. ನೀವು ಕಲಿಸಿದ ವ್ಯಾಪಾರಕ್ಕೆ ಅಲ್ಲಿ ಒಂದು ಎಚ್ಚರ ಸೇರೀತು; ಅದು ಲಾಭವನ್ನೇ ತರುವುದೆಂದು ಹೇಳಲಾರೆವು. ಇನ್ನು ಹಿಂತಿರುಗುವ ಮಾತು. ಅದಕ್ಕೆ ಆ ಪಾದ್ರಿಯೂ ಹೊಣೆಯಾಗಲಿಲ್ಲ, ಆ ವ್ಯಾಪಾರಿಯೂ ಆಗಲಿಲ್ಲ, ನಾವೂ ಆಗಲಾರೆವು” ಎಂದೆವು. ಯಜಮಾನರು ಬಹಳ ಹೊತ್ತು ಎಲೆಯಡಕೆ ಮೆಲ್ಲುತ್ತ ಕುಳಿತರು. ಬಳಿಕ ಮೊಮ್ಮಗನನ್ನು ಕರೆದು, “ಹೋಗಿ ಓದು. ಬಂದರೆ ಮಂಡಿ ಇದೆ. ಬಾರದಿದ್ದರೆ, ಎಲ್ಲಿ ಕುಳಿತರೂ ತೂಕ ಸರಿಯಾಗಿಡು” ಎಂದರು. ಹುಡುಗನು ಅವರ ಕಾಲಿಗೆರಗಿದನು.

ಜೂನ್ ತಿಂಗಳ ಮೊದಲ ಮಳೆಯಲ್ಲಿ ಅವನು ಪೆಟ್ಟಿಗೆ ಹಿಡಿದು ಹೊರಟನು. ರಜೆಗೆ ಬಂದಾಗಲೆಲ್ಲ ಮಂಡಿಯ ರೋಕಡಿಯನ್ನು ತಾನೇ ಕೂಡಿಸಿ ನೋಡುತ್ತಾನಂತೆ. ಮೊನ್ನೆ ದಸರೆಯ ರಜೆಯಲ್ಲಿ ಒಬ್ಬ ರೈತನಿಗೆ ನೂರೆಂಬತ್ತು ರೂಪಾಯಿ ಕಡಮೆ ಸಂದಿರುವುದನ್ನು ಕಂಡುಹಿಡಿದನೆಂದೂ, ಅದನ್ನು ಕೊಟ್ಟುಬರಲು ತಾವೇ ಅವನನ್ನು ಕಳುಹಿಸಿದರೆಂದೂ ಯಜಮಾನರು ನಮ್ಮ ಜಗಲಿಯಲ್ಲಿ ಕುಳಿತು ಹೇಳಿದರು. ಮುಂದೆ ಅವನು ಮಂಡಿಯಲ್ಲಿ ಕುಳಿತಾನೋ, ಬೇರೆಲ್ಲಿಯೋ, ಅದು ದೇವರ ಚಿತ್ತ. ಮಕ್ಕಳನ್ನು ಯಾವ ಕಾಲೇಜಿಗೆ ಕಳುಹಿಸಬೇಕೆಂದು ಯೋಚಿಸುತ್ತಿರುವ ಗೃಹಸ್ಥರು, ಅಲ್ಲಿಯ ಕಟ್ಟಡವನ್ನೂ ಫಲಿತಾಂಶದ ಪಟ್ಟಿಯನ್ನೂ ನೋಡಿದ ಮೇಲೆ, ಅಲ್ಲಿ ಓದಿ ಮುದುಕರಾದವರೊಬ್ಬರ ಅಂಗಡಿಯಲ್ಲಿ ಅರ್ಧ ಘಂಟೆ ಕುಳಿತು ಬರುವುದು ಲೇಸು.